ಕೆಂಪು ದಾರ ಕಟ್ಟಿದ ಸೂಜಿ

ಜೂನ್ 3

ತಂಗಿಯ ಮಗಳಿಗೆ ಹುಟ್ಟಿರುವ ಕೂಸಿನ ಕೌದಿಗೆ ಇವತ್ತು ಕೈಹಾಕಿದೆ. ಮೇಲೆ ತುಂಡುಬಟ್ಟೆಯ ಪದರ, ನಡುವೆ ಹತ್ತಿ, ಅಡಿಯಲ್ಲಿ ಮೆತ್ತನೆಯ ಹಳೆ ಹೊದಿಕೆ. ಮೂರನ್ನೂ ಸೇರಿಸಿ ಕಚ್ಚಾ ಹೊಲಿಗೆ ಹಾಕಿ ಮೆಷಿನ್ನಿನ ಮುಂದೆ ಕೂತರೆ ನಾಲ್ಕು ಸಾಲಿಗೇ ಸೂಜಿ ಟೊಕ್ ಟೊಕ್ ಎನ್ನತೊಡಗಿತು. ಮೊಂಡಾಗುತ್ತಿರುವ ಸೂಜಿಯ ಸದ್ದು ನನಗೆ ಪಕ್ಕದ ಕೋಣೆಯಿಂದಲೂ ತಿಳಿಯುತ್ತದೆ. ಅಂಗಡಿಯವನಿಗೆ ಮಾತ್ರ ತಿಳಿಯುವುದಿಲ್ಲ. "ಒಂದು ಸೂಜಿ ವರ್ಷಗಟ್ಟಲೆ ಬರುತ್ತಮ್ಮ, ನೀವೇ ಸುಮ್ನೆ ಬದಲಾಯಿಸ್ತೀರ" ಅನ್ನುತ್ತಾನೆ. ಸೂಜಿ ಮಾರುವವನ ಮಾತು ಇದು! ಎಂಟು ಗಂಟೆ ಹೊಲಿದ ಸೂಜಿಯಿಂದ ಮೂರು ಪದರ ಚುಚ್ಚಿಸಿದರೆ ಒಂದು ದಿನ ತುದಿ ಮುರಿದು ಹತ್ತಿಯೊಳಗೇ ಉಳಿಯುತ್ತದೆ. ಅದರ ಮೇಲೆ ಮಲಗುವುದು ಅವನ ಮಗುವಲ್ಲ.

ನನ್ನ ಪದ್ಧತಿ ಮೂವತ್ತು ವರ್ಷದಿಂದ ಬದಲಾಗಿಲ್ಲ. ಪೂರ್ತಿ ಸತ್ತ ಸೂಜಿ ಬಿಗಿ ಮುಚ್ಚಳದ ಮಾತ್ರೆ ಡಬ್ಬಿಗೆ. ಇನ್ನೂ ಅರ್ಧ ಜೀವ ಇರುವುದರ ಕಣ್ಣಿಗೆ ಕೆಂಪು ದಾರ ಕಟ್ಟಿ ಪಿನ್ನುಗಳ ದಿಂಬಿಗೆ, ಮುಂದೆ ಚೀಲವನ್ನೋ ಕಾಲೊರಸನ್ನೋ ಹೊಲಿಯಲು. ಇವತ್ತಿನದಕ್ಕೂ ದಾರ ಕಟ್ಟಿದೆ. ದಿಂಬು ಕೈಗೆ ಸಿಗಲಿಲ್ಲ. ಹೊಲಿಗೆ ಸರಿಯಿದೆಯೇ ಎಂದು ನೋಡಲು ಮೂರು ಪದರದ ಒಂದು ಅಂಗೈಯಗಲದ ತುಂಡು ಮಾಡಿಕೊಂಡಿರುತ್ತೇನಲ್ಲ, ಆ ಪರೀಕ್ಷೆಯ ತುಂಡಿಗೇ ಸದ್ಯಕ್ಕೆ ಚುಚ್ಚಿಟ್ಟು ಹೊಸ ಸೂಜಿ ಹಾಕಿದೆ.

ಅಷ್ಟರಲ್ಲಿ ಪತ್ರಿಕೆಯಿಂದ ಫೋನು. ಕಾಲುದಾರಿಯ ಮೇಲಿನ ಗುಂಡಿಗಳ ಬಗ್ಗೆ ನಾನು ಬರೆದ ಪತ್ರವನ್ನು ನಾಲ್ಕು ಸಾಲಿಗೆ ಇಳಿಸಿದ್ದಾರಂತೆ. ಅದೇ ಪತ್ರಿಕೆಯಲ್ಲಿ ಮೂವತ್ತೊಂದು ವರ್ಷ ಕರಡು ತಿದ್ದಿದವಳು ನಾನು. ಫೋನು ಮಾಡಿದ ಹುಡುಗಿ ಆಗ ಹುಟ್ಟಿಯೂ ಇರಲಿಲ್ಲ. ಇಪ್ಪತ್ತು ನಿಮಿಷ ಅವಳಿಗೆ ಕ್ರಿಯಾಪದದಿಂದ ಪಾಠ ಹೇಳಿದೆ. ಫೋನಿಟ್ಟ ಮೇಲೂ ಮೈ ಉರಿಯುತ್ತಿತ್ತು. ಕೋಣೆ ತುಂಬ ಚಿಂದಿ. ತಂಗಿ ಬಂದು ಕಣ್ಣು ಕೆಂಪು ಮಾಡುವ ಮುಂಚೆ ಎಲ್ಲ ಬಾಚಿ ಚೀಲಕ್ಕೆ ತುಂಬಿ, ಗಂಟು ಕಟ್ಟಿ, ಬಾಗಿಲ ಹೊರಗಿಟ್ಟೆ.

ಜೂನ್ 4

ಬೆಳಿಗ್ಗೆ ಏಳಕ್ಕೆ ಕೆಳಗಿನಿಂದ ಕೂಗು. ಇಣುಕಿದರೆ ಕಸದವಳು ಬಲಗೈ ಹಿಡಿದುಕೊಂಡು ಗಾಡಿಯ ಪಕ್ಕ ಕುಸಿದಿದ್ದಾಳೆ. ಅಂಗೈಯಿಂದ ರಕ್ತ ಮೊಣಕೈವರೆಗೆ ಇಳಿದಿದೆ. ಚಪ್ಪಲಿ ಹಾಕದೆ ಇಳಿದು ಹೋದೆ.

"ಮೆತ್ತಗಿತ್ತು ಅಂತ ಕೈಯಿಂದ ಒತ್ತಿದೆ ಅಮ್ಮ, ಗಾಡಿ ತುಂಬಿತ್ತು. ಏನೋ ಮಿಣುಕ್ ಅಂತ ಹೊಳೀತು. ಕೈ ಕಿತ್ಕೊಂಡು ಚೀಲ ಒಳಗೆ ಎಸೆದುಬಿಟ್ಟೆ."

ಗಾಡಿಯ ಅಂಚಿನಲ್ಲಿ ಕಿತ್ತಳೆ ಬಣ್ಣದ ಪುಟ್ಟ ಮುಚ್ಚಳ ಬಿದ್ದಿತ್ತು. ಸಿರಿಂಜಿನದು. ನನಗೆ ಆ ಕ್ಷಣವೇ ಎಲ್ಲ ಅರ್ಥವಾಯಿತು. ಈ ಕಟ್ಟಡದಲ್ಲಿ ದಿನಕ್ಕೆ ಎರಡು ಸಲ ಸಕ್ಕರೆ ಕಾಯಿಲೆಗೆ ಚುಚ್ಚಿಕೊಳ್ಳುವವರು ಒಬ್ಬರೇ: ಮೂರನೇ ಮಹಡಿಯ ಲೆಕ್ಕದ ಮೇಷ್ಟ್ರು. ಆ ಮನುಷ್ಯನ ಬೇಜವಾಬ್ದಾರಿ ನನಗೆ ಹೊಸದಲ್ಲ. ನಾಲ್ಕು ವರ್ಷದ ಹಿಂದೆ ಅವರ ಹೂಕುಂಡದ ಕೆಸರುನೀರು ನಾನು ಒಣಹಾಕಿದ್ದ ಕೌದಿಯ ಮೇಲೆ ಸುರಿದಿತ್ತು. ಕೇಳಿದರೆ "ನೀರು ಕೆಳಕ್ಕೇ ಇಳಿಯೋದಲ್ವ" ಅಂದಿದ್ದರು. ಮಾತು ಮಾತಿಗೆ ನೆನಪಿದೆ.

"ಇಂಜೆಕ್ಷನ್ ಸೂಜಿ ಕಣೇ ಇದು, ಏಳು, ಆಸ್ಪತ್ರೆಗೆ ಹೋಗೋಣ" ಅಂದೆ. ಗಾಡಿ ಓಡಿಸುವವನು, "ಇನ್ನೂ ಎರಡು ಬೀದಿ ಇದೆ, ಮುಗಿಸ್ಕೊಂಡು ಹೋಗ್ಲಿ" ಅಂದ. ಅವನಿಗೆ ನಾನು ಹೇಳಿದ್ದನ್ನು ಇಲ್ಲಿ ಬರೆಯುವುದಿಲ್ಲ.

ಆಸ್ಪತ್ರೆಯಲ್ಲಿ ಚಿಕ್ಕ ವಯಸ್ಸಿನ ಡಾಕ್ಟರಮ್ಮ ಗಾಯ ತೊಳೆಸಿ ಕೇಳಿದಳು: "ಯಾವ ಸೂಜಿ?" ಕಸದವಳು ನನ್ನ ಮುಖ ನೋಡಿದಳು.

"ಇಂಜೆಕ್ಷನ್ನಿಂದು. ಉಪಯೋಗಿಸಿದ್ದು" ಅಂದೆ.

"ನೀವು ನೋಡಿದ್ರಾ?"

"ನೋಡೋದೇನು ಬಂತು? ಮುಚ್ಚಳ ಅಲ್ಲೇ ಬಿದ್ದಿತ್ತು."

ಬರೆದುಕೊಂಡಳು. ಯಾರ ರಕ್ತ ತಗುಲಿದೆಯೋ ಗೊತ್ತಿಲ್ಲವಾದ್ದರಿಂದ, ಎಚ್‌ಐವಿ ಅಂಟದಿರಲೆಂದು ಇಪ್ಪತ್ತೆಂಟು ದಿನ ಮಾತ್ರೆ. ಈಗ ಒಂದು ರಕ್ತಪರೀಕ್ಷೆ, ಆರು ವಾರಕ್ಕೆ ಒಂದು, ಮೂರು ತಿಂಗಳಿಗೆ ಇನ್ನೊಂದು. ಅಲ್ಲಿಯವರೆಗೆ ಏನೂ ಹೇಳಲಾಗದು.

ಒಬ್ಬ ಓದಿದ ಮನುಷ್ಯ, ಸಾವಿರಾರು ಮಕ್ಕಳಿಗೆ ಪಾಠ ಹೇಳಿದವನು, ಒಂದು ಸೂಜಿಯನ್ನು ಎಲ್ಲಿ ಹಾಕಬೇಕೆಂದು ತಿಳಿಯದವನು!

ಜೂನ್ 6

ಕಟ್ಟಡದ ನಿವಾಸಿಗಳ ಸಂಘದ ಸಭೆ, ಮೆಟ್ಟಿಲ ಬುಡದಲ್ಲಿ. ಕುರ್ಚಿ ಅಧ್ಯಕ್ಷರಿಗೆ ಮಾತ್ರ. ಮೇಷ್ಟ್ರು ಒಂದು ಬಿಸ್ಕತ್ತಿನ ಡಬ್ಬಿ ಹಿಡಿದುಕೊಂಡು ಇಳಿದು ಬಂದರು.

"ನನ್ನ ಸೂಜಿ ಎಲ್ಲ ಇದರಲ್ಲಿ ಹಾಕಿ, ತುಂಬಿದ ಮೇಲೆ ಆಸ್ಪತ್ರೆಗೇ ವಾಪಸ್ ಕೊಡ್ತೀನಿ. ಹನ್ನೆರಡು ವರ್ಷದಿಂದ."

"ಹಾಗಾದ್ರೆ ಮುಚ್ಚಳ ಎಲ್ಲಿಂದ ಬಂತು?" ಅಂದೆ.

"ಮುಚ್ಚಳ ನಂದೇ ಇರಬಹುದಮ್ಮ. ಮುಚ್ಚಳ ಚುಚ್ಚಲ್ವಲ್ಲ."

ಯಾರೋ ನಕ್ಕರು. ನನಗೆ ರೇಗಿತು. "ನಗೋ ವಿಷಯ ಅಲ್ಲ ಮೇಷ್ಟ್ರೇ. ಆ ಹೆಂಗಸಿಗೆ ಮನೇಲಿ ಪುಟ್ಟ ಮಗು ಇದೆ" ಅಂದೆ. ಹತ್ತು ನಿಮಿಷ ಮಾತಾಡಿದೆ. ಚೆನ್ನಾಗಿಯೇ ಮಾತಾಡಿದೆ.

ಠರಾವು ನನ್ನದೇ ಕೈಬರಹದಲ್ಲಿ ಸೂಚನಾ ಫಲಕಕ್ಕೆ ಏರಿತು: ಮೂರನೇ ಮಹಡಿಯವರು ತಮ್ಮ ಕಸವನ್ನು ಪ್ರತಿದಿನ ತಾವೇ ಕೆಳಗೆ ತಂದು, ಚೀಲ ಬಿಚ್ಚಿ ಗಾಡಿಯವಳಿಗೆ ತೋರಿಸಿ ಹಾಕತಕ್ಕದ್ದು. ಮೇಷ್ಟ್ರು ಓದಿ, "'ತಕ್ಕದ್ದು' ಅಂತ ಬರೆದ ಮೇಲೆ ಮುಗೀತು" ಅಂದು ಮೆಟ್ಟಿಲು ಹತ್ತಿದರು. ಡಬ್ಬಿಯೊಳಗೆ ಸೂಜಿಗಳು ಗಲಗಲ ಅನ್ನುವುದು ಮೂರನೇ ಮಹಡಿಯವರೆಗೂ ಕೇಳಿಸಿತು.

ಜೂನ್ 9

ನಗರಸಭೆಯ ಕಚೇರಿಗೆ ಹೋಗಿದ್ದೆ. ಚೂಪಾದ ವಸ್ತುಗಳನ್ನು ಜನ ಎಲ್ಲಿ ಹಾಕಬೇಕೆಂದು ಲಿಖಿತ ಉತ್ತರ ಬೇಕು ಅಂದೆ. ಮೊದಲನೇ ಕಿಟಕಿ: "ಒಣ ಕಸ." ಎರಡನೇ ಕಿಟಕಿ: "ಲೋಹ ಅಲ್ವ, ಗುಜರಿಯವನಿಗೆ ಕೊಡಿ." ಮೂರನೆಯವನು ಚಹಾ ಲೋಟ ಕೆಳಗಿಟ್ಟು ಕೇಳಿದ: "ಯಾವ ಸೂಜಿ ಅಮ್ಮ? ಹೊಲಿಯೋದಾ, ಚುಚ್ಚೋದಾ?"

"ಚುಚ್ಚದೆ ಹೊಲಿಯೋ ಸೂಜಿ ನಿಮ್ಮನೇಲಿದ್ರೆ ನನಗೂ ಒಂದು ಕೊಡಿ" ಅಂದೆ.

ಹಿಂದೆ ಸಾಲಿನಲ್ಲಿದ್ದವರೆಲ್ಲ ನಕ್ಕರು. ಅವನು ನಗಲಿಲ್ಲ. "ಹೊಲಿಯೋದಾದ್ರೆ ನಮ್ಮ ಪಟ್ಟಿಯಲ್ಲಿ ಇಲ್ಲ. ಚುಚ್ಚೋದಾದ್ರೆ ಆಸ್ಪತ್ರೆ ಕಸ, ನಮಗೆ ಸಂಬಂಧ ಇಲ್ಲ" ಅಂದ.

ಇಪ್ಪತ್ತಾರು ವರ್ಷದ ಹಿಂದೆ ಇದೇ ಕಚೇರಿಯಲ್ಲಿ ಒಡೆದ ಬಲ್ಬು ಎಲ್ಲಿ ಹಾಕಬೇಕೆಂದು ಕೇಳಿದ್ದೆ. ಆಗಲೂ ಮೂರು ಕಿಟಕಿ, ಮೂರು ಉತ್ತರ. ಬದಲಾಗಿರುವುದು ಚಹಾ ಲೋಟ ಮಾತ್ರ, ಆಗ ಗಾಜಿನದಿತ್ತು, ಈಗ ಕಾಗದದ್ದು.

ಜೂನ್ 12

ಗಾಡಿಯವಳು ಇವತ್ತು ಗೋಡೆಗೆ ಒರಗಿ ನಿಂತಿದ್ದಳು. ಮುಖ ಬೂದಿ. ಮೇಲಕ್ಕೆ ಕರೆದು ಕೂರಿಸಿ ನೀರು ಕೊಟ್ಟೆ. ಕುರ್ಚಿಯ ತುದಿಯಲ್ಲಿ ಕೂತಳು.

"ಮಾತ್ರೆ ನುಂಗಿದ ತಕ್ಷಣ ವಾಂತಿ ಅಮ್ಮ. ವಾಂತಿ ಆದ್ರೆ ಮತ್ತೊಂದು ನುಂಗಬೇಕಂತೆ."

"ಎರಡು ದಿನ ರಜ ಹಾಕು."

"ರಜ ಹಾಕಿದ್ರೆ ಗುತ್ತಿಗೆದಾರ ಬೇರೆಯವರನ್ನ ಹಾಕ್ತಾನೆ. ಹೇಳಿಬಿಟ್ಟಿದ್ದಾನೆ." ನೀರು ಕುಡಿದು ಲೋಟವನ್ನು ತನ್ನ ಸೆರಗಿನಿಂದ ಒರೆಸತೊಡಗಿದಳು. ಯಾಕೆ ಅಂದೆ. "ನಮ್ಮತ್ತೆ ನನ್ನ ತಟ್ಟೆ ಲೋಟ ಬೇರೆ ಇಟ್ಟಿದ್ದಾರೆ. ಮಗೂನ ಹತ್ರ ಮಲಗಿಸ್ಕೊಳ್ಳಂಗಿಲ್ಲ. ನಾಲ್ಕು ವರ್ಷದ್ದು, ಅದಕ್ಕೇನು ಗೊತ್ತಾಗುತ್ತೆ? ಓಡಿ ಬಂದು ಕಾಲು ಅಪ್ಕೊಳ್ಳುತ್ತೆ. ಅತ್ತೆ ಕಿರುಚ್ತಾರೆ. ಮೂರು ತಿಂಗಳು ಅಂದಿದ್ದಾರಲ್ಲ ಡಾಕ್ಟ್ರು."

ಒಟ್ಟಿಗೆ ಮಲಗಿದರೆ ಅಂಟುವುದಿಲ್ಲ ಎಂದು ಬಿಡಿಸಿ ಹೇಳಿದೆ. "ನಿಮಗೆ ಗೊತ್ತು ಅಮ್ಮ, ನೀವು ಓದಿದೋರು" ಅಂದಳು. ಅತ್ತೆಗೆ ಹೇಳುವವರು ಯಾರು?

ಇದಕ್ಕೆಲ್ಲ ಕಾರಣನಾದವನು ಮೂರನೇ ಮಹಡಿಯಲ್ಲಿ ಬಿಸ್ಕತ್ತಿನ ಡಬ್ಬಿ ಇಟ್ಟುಕೊಂಡು ನೆಮ್ಮದಿಯಾಗಿ ಕೂತಿದ್ದಾನೆ. ಪೊಲೀಸರಿಗೆ ಬರೆಯಬೇಕು. ನಾಳೆ ಕರಡು ಮಾಡುತ್ತೇನೆ.

ಜೂನ್ 14

ಬೆಳಿಗ್ಗೆ ತಂಗಿ ಹರಿದ ಕೈಚೀಲ ತಂದು ಮೆಷಿನ್ನಿನ ಮೇಲೆ ಎಸೆದಳು. "ಅಕ್ಕ, ಇದರ ಹಿಡಿಕೆ ಒಂದು ಹೊಲಿದುಕೊಡು. ಪೊಲೀಸರಿಗೆ ಆಮೇಲೆ ಬರೆಯೋವಂತೆ."

ದಪ್ಪ ಬಟ್ಟೆ. ಅರ್ಧ ಜೀವದ ಸೂಜಿಗೆ ಹೇಳಿ ಮಾಡಿಸಿದ ಕೆಲಸ. ದಿಂಬು ನೋಡಿದೆ. ಕೆಂಪು ದಾರ ಇರಲಿಲ್ಲ. ಮೆಷಿನ್ನಿನ ಖಾನೆ, ಬಾಬಿನ್ನಿನ ಪೆಟ್ಟಿಗೆ, ಕತ್ತರಿಯ ಚೀಲ, ಎಲ್ಲ ಜಾಲಾಡಿದೆ. ಮಾತ್ರೆ ಡಬ್ಬಿಯನ್ನು ತಟ್ಟೆಯ ಮೇಲೆ ಬಗ್ಗಿಸಿ ಒಂದೊಂದೇ ಎತ್ತಿ ನೋಡಿದೆ. ಎಲ್ಲ ಬೋಳು ಸೂಜಿಗಳು.

"ಹೊಸದೇ ಹಾಕಿ ಹೊಲಿಯೇ, ಒಂದು ಸೂಜಿಗೆ ಮನೆ ಬುಡಮೇಲು ಮಾಡ್ಬೇಕಾ?"

ದಾರ ಕಟ್ಟಿದ್ದು ನೆನಪಿದೆ ಅಂದೆ. ಯಾವತ್ತು ಕಟ್ಟಿದೆ ಎಂದು ನೋಡಲು ಈ ಪುಸ್ತಕ ತೆಗೆದೆ.

ಮೂರನೇ ತಾರೀಖು ಓದಿದೆ.

ಮೂವತ್ತೊಂದು ವರ್ಷ ಇನ್ನೊಬ್ಬರು ಬರೆದದ್ದನ್ನು ಓದಿದ್ದೇನೆ. ತಪ್ಪಿದ್ದ ಸಾಲು ಪುಟದಿಂದ ತಾನಾಗಿ ಎದ್ದು ನನ್ನ ಕಣ್ಣಿಗೆ ಬೀಳುತ್ತಿತ್ತು. ಇದನ್ನು ಹನ್ನೊಂದು ದಿನದ ಹಿಂದೆ ನಾನೇ ಬರೆದು ಮುಚ್ಚಿಟ್ಟಿದ್ದೆ. ಪರೀಕ್ಷೆಯ ತುಂಡಿಗೇ ಸದ್ಯಕ್ಕೆ ಚುಚ್ಚಿಟ್ಟೆ. ಎಲ್ಲ ಬಾಚಿ ಚೀಲಕ್ಕೆ ತುಂಬಿದೆ.

ನಾಲ್ಕನೇ ತಾರೀಖಿನದನ್ನೂ ಓದಿದೆ. ಮೆತ್ತಗಿತ್ತು ಅಂತ ಕೈಯಿಂದ ಒತ್ತಿದೆ ಅಮ್ಮ.

ಜೂನ್ 15

ಹೊಲಿಯಲಿಲ್ಲ. ಪೊಲೀಸರಿಗೂ ಬರೆಯಲಿಲ್ಲ.

ಜೂನ್ 16

ಖಚಿತ ಏನೂ ಇಲ್ಲ. ಬೇರೆ ಮನೆಗಳಲ್ಲೂ ಚಿಂದಿ ಇರುತ್ತದೆ.

ಅದಿರಲಿ, ಗಾಡಿಯವಳ ಕೈಗೆ ಗವಸು ಏಕೆ ಇರಲಿಲ್ಲ? ಗುತ್ತಿಗೆದಾರ ಕೊಟ್ಟಿರಲಿಲ್ಲ. ಗುತ್ತಿಗೆದಾರನನ್ನು ಕೇಳಬೇಕಾದ ನಗರಸಭೆ ಕೇಳಿರಲಿಲ್ಲ. ಸೂಜಿ ಎಲ್ಲಿ ಹಾಕಬೇಕೆಂದು ಮೂರು ಕಿಟಕಿಗೂ ಗೊತ್ತಿಲ್ಲ. ಸೂಜಿ ತಯಾರಿಸುವವರು ಪೊಟ್ಟಣದ ಮೇಲೆ ಯಾವ ಬಟ್ಟೆಗೆ ಯಾವ ನಂಬರು ಎಂದು ಆರು ಭಾಷೆಯಲ್ಲಿ ಅಚ್ಚು ಹಾಕುತ್ತಾರೆ, ಮುರಿದರೆ ಎಲ್ಲಿ ಬಿಸಾಡಬೇಕೆಂದು ಒಂದರಲ್ಲೂ ಇಲ್ಲ. ಅವತ್ತು ಪತ್ರಿಕೆಯ ಆ ಹುಡುಗಿ ಫೋನು ಮಾಡದಿದ್ದರೆ ನಾನು ದಿಂಬು ಹುಡುಕಿ ಚುಚ್ಚಿಡುತ್ತಿದ್ದೆ. ಗಾಡಿಯನ್ನು ಹೊತ್ತಿಗೆ ಸರಿಯಾಗಿ ಖಾಲಿ ಮಾಡಿಸಿದ್ದರೆ ಚೀಲ ಒತ್ತುವ ಪ್ರಸಂಗವೇ ಬರುತ್ತಿರಲಿಲ್ಲ. ಇಷ್ಟನ್ನೂ ಸೇರಿಸಿ ಎಂಟುನೂರು ಪದದ ಪತ್ರ ಬರೆಯಬಲ್ಲೆ, ಒಂದು ಅಕ್ಷರ ಸುಳ್ಳಿರುವುದಿಲ್ಲ.

ತಂಗಿ ಕೇಳಿದಳು: "ಸೂಜಿ ಸಿಕ್ತಾ?"

ಕಿರುಚಿದೆ. ಏನು ಕಿರುಚಿದೆನೋ ನೆನಪಿಲ್ಲ. ಅವಳು ಸೊಪ್ಪು ಸೋಸುತ್ತಿದ್ದ ಕೈ ನಿಲ್ಲಿಸಿ ನನ್ನನ್ನೇ ನೋಡಿದಳು. "ಒಂದು ಸೂಜಿ ಕಳೆದುಹೋಗಿದ್ದಕ್ಕೆ ಯಾರೂ ಇಷ್ಟು ಕಿರುಚಲ್ಲ ಅಕ್ಕ" ಅಂದಳು. ಆಮೇಲೆ, "ಚೀಲಕ್ಕೆ ಹೋಯ್ತಾ?" ಅಂದಳು, ಮೆಲ್ಲಗೆ.

ನಾನು ಕೋಣೆಯ ಬಾಗಿಲು ಹಾಕಿಕೊಂಡೆ.

ಇವತ್ತಿಗೆ ಗಾಡಿಯವಳ ಮಾತ್ರೆಗೆ ಹದಿಮೂರನೇ ದಿನ.

ಜೂನ್ 17

ಬೆಳಿಗ್ಗೆ ಕಿಟಕಿಯಿಂದ ನೋಡಿದೆ. ಮೇಷ್ಟ್ರು ಗಾಡಿಯ ಮುಂದೆ ಕೂತು ಚೀಲ ಬಿಚ್ಚಿದ್ದರು. ಮಂಡಿ ನೋವಿನ ಮನುಷ್ಯ, ಒಂದು ಕೈ ನೆಲಕ್ಕೆ ಊರಿಕೊಂಡಿದ್ದರು. ಬಾಳೆಹಣ್ಣಿನ ಸಿಪ್ಪೆ, ಚಹಾ ಪುಡಿ, ಹಳೇ ಕ್ಯಾಲೆಂಡರು, ಒಂದೊಂದನ್ನೇ ಎತ್ತಿ ತೋರಿಸುತ್ತಿದ್ದರು.

"ಸಾಕು ಸರ್, ಕಟ್ಟಿ" ಅಂದಳು ಆಕೆ.

"ಇಲ್ಲಮ್ಮ, ತಳದವರೆಗೂ ನೋಡಿಬಿಡು. ನಾಳೆ ಯಾರೂ ಏನೂ ಅನ್ನೋದು ಬೇಡ."

ಒಂದನೇ ಮಹಡಿಯ ಮಕ್ಕಳು ಶಾಲೆಗೆ ಹೊರಟವರು ಮೇಷ್ಟ್ರ ಹತ್ತಿರ ಬಾರದೆ ದೂರದಿಂದ ಸುತ್ತಿಕೊಂಡು ಹೋದರು. ಅವರ ತಾಯಿ ಹೇಳಿಕೊಟ್ಟಿರಬೇಕು. ಆ ತಾಯಿಗೆ ಹೇಳಿಕೊಟ್ಟವಳು ನಾನು.

ಹೂಕುಂಡದ ನೀರಿನ ವಿಷಯ. ಮಾರನೇ ದಿನವೇ ಅವರು ಎಲ್ಲ ಕುಂಡಗಳ ಅಡಿಯಲ್ಲಿ ತಟ್ಟೆ ಇಟ್ಟಿದ್ದರು. ಬಾಗಿಲಿಗೆ ಬಂದು, "ಕೌದಿ ಕೊಡಿ, ಒಗೆಸಿಕೊಡ್ತೀನಿ" ಅಂದಿದ್ದರು. ನಾನು ಕೊಟ್ಟಿರಲಿಲ್ಲ. ಇದು ಇಷ್ಟು ವರ್ಷ ಎಲ್ಲಿ ಹೋಗಿತ್ತು? ಯಾರು ಯಾವಾಗ ಏನು ತಪ್ಪು ಮಾಡಿದರೆಂದು ನನ್ನನ್ನು ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಹೇಳುತ್ತೇನೆ.

ಜೂನ್ 18

ಹೇಳಿದೆ.

ಗಾಡಿ ಬರುವ ಮೊದಲೇ ಕೆಳಗೆ ಹೋಗಿ ನಿಂತಿದ್ದೆ. ಹೇಗೆ ಹೇಳಬೇಕೆಂದು ಮೂರು ವಾಕ್ಯ ಸಿದ್ಧ ಮಾಡಿಕೊಂಡಿದ್ದೆ, ಮೂರೂ ಕೈಕೊಟ್ಟವು. "ಅದು ನನ್ನ ಸೂಜಿ. ಮೆಷಿನ್ನಿಂದು. ಇಂಜೆಕ್ಷನ್ ಅಲ್ಲ. ಚಿಂದಿ ಜೊತೆ ಹೋಗಿತ್ತು" ಅಂದೆ.

ಆಕೆಗೆ ತಟ್ಟನೆ ಅರ್ಥವಾಗಲಿಲ್ಲ. ಅರ್ಥವಾದಾಗ ಮುಖ ಅರಳುತ್ತದೆ ಅಂದುಕೊಂಡಿದ್ದೆ. ಅರಳಲಿಲ್ಲ.

"ಒಂದು ಸೂಜಿ ಹುಡುಕೋಕೆ ನಿಮಗೆ ಹದಿನೈದು ದಿನ ಬೇಕಾಯ್ತಾ?"

"ಗೊತ್ತಾಗಿ ನಾಲ್ಕೇ ದಿನ ಆಯ್ತು."

"ನಾಲ್ಕೇ ದಿನ." ಕೈಯಲ್ಲಿದ್ದ ಬುಟ್ಟಿ ಕೆಳಗಿಟ್ಟಳು. "ನಾಲ್ಕು ದಿನ ನಾನು ಏನು ನುಂಗಿದೆ ಗೊತ್ತಾ? ನಾಲ್ಕು ದಿನ ನನ್ನ ಮಗು ಬಾಗಿಲ ಹತ್ರ ನಿಂತು, ಅಮ್ಮ ಬರಲಾ ಅಂತ ಕೇಳಿ ಒಳಗೆ ಬಂತು. ಮಗು, ಕೇಳಿ ಬಂತು! ನೀವು ಮೇಲೆ ಕಿಟಕೀಲಿ ನಿಂತಿರ್ತಿದ್ರಿ. ನಿನ್ನೆಯೂ ನಿಂತಿದ್ರಿ. ನಾನು ನೋಡ್ದೆ."

ಗಾಡಿಯವನು ಕೂಡ ಇಂಜಿನ್ ಆರಿಸಿ ಕೇಳಿಸಿಕೊಳ್ಳುತ್ತಿದ್ದ. ಗವಸು, ಗುತ್ತಿಗೆದಾರ, ಮೂರು ಕಿಟಕಿ, ಯಾವುದೂ ಬಾಯಿಗೆ ಬರಲಿಲ್ಲ.

"ಬರೆದುಕೊಡಿ" ಅಂದಳು. "ನಿಮ್ಮ ಬಾಯಿ ಮಾತು ನಮ್ಮತ್ತೆ ನಂಬಲ್ಲ. ಡಾಕ್ಟ್ರೂ ನಂಬೋದು ಬೇಡ, ಒಂದು ಸಲ ನಂಬಿದ್ದು ಸಾಕು. ಊರಿನವರ ಬಗ್ಗೆ ಎಲ್ಲ ಬರೀತೀರಲ್ಲ, ಇದನ್ನೂ ಬರೀರಿ."

ಆಸ್ಪತ್ರೆಗೆ ಇಬ್ಬರೂ ಹೋದೆವು. ಈ ಪುಸ್ತಕವನ್ನೂ, ಇನ್ನೊಂದು ಪರೀಕ್ಷೆಯ ತುಂಡನ್ನೂ, ಕೆಂಪು ದಾರ ಕಟ್ಟಿದ ಒಂದು ಸೂಜಿಯನ್ನೂ ಡಾಕ್ಟರಮ್ಮನ ಮೇಜಿನ ಮೇಲಿಟ್ಟೆ. ಅವಳು ಎರಡೂ ತಾರೀಖು ಓದಿದಳು. "ಈ ಸಲ ನೋಡಿದ್ದೀರಾ?" ಅಂದಳು.

"ಇಲ್ಲ. ಅವತ್ತೂ ನೋಡಿರಲಿಲ್ಲ. ನೋಡಿರಲಿಲ್ಲ ಅಂತ ಅವತ್ತು ಹೇಳಲಿಲ್ಲ."

ಅವಳು ನನ್ನನ್ನು ಬಿಟ್ಟು ಆಕೆಯ ಕಡೆ ತಿರುಗಿದಳು. ಯಾವ ಚೀಲ, ಎಷ್ಟು ಮೆತ್ತಗಿತ್ತು, ಒಳಗೆ ಏನಿತ್ತು ಎಂದು ವಿಚಾರಿಸಿದಳು. ಆಕೆ ತುಂಡನ್ನು ಬೆರಳಲ್ಲಿ ಒತ್ತಿ, "ಇದೇ. ಇದೇ ಮೆತ್ತಗೆ. ಕೆಂಪಗೆ ಏನೋ ಇತ್ತು, ನಾನು ರಕ್ತ ಅಂದ್ಕೊಂಡೆ" ಅಂದಳು. ಹದಿನೈದು ದಿನ ಈ ಪ್ರಶ್ನೆಯನ್ನು ಆಕೆಗೆ ಯಾರೂ ಕೇಳಿರಲಿಲ್ಲ. ನಾನು ಮಾತಾಡುತ್ತಿದ್ದೆನಲ್ಲ.

ಮಾತ್ರೆ ನಿಲ್ಲಿಸಿದರು. ಸಮಾಧಾನಕ್ಕೆ ಆರು ವಾರಕ್ಕೆ ಒಂದು ಪರೀಕ್ಷೆ ಮಾಡಿಸಿ ಅಂದರು. ಹೊರಗೆ ಬಂದು ಆಕೆ ರಸ್ತೆ ದಾಟಿ, ಮನೆಯ ದಾರಿ ಹಿಡಿದು ಓಡಿದಳು. ನಡೆಯಲಿಲ್ಲ, ಓಡಿದಳು.

ಜೂನ್ 19

ಪತ್ರ ಬರೆಯಲು ಇಡೀ ಬೆಳಿಗ್ಗೆ ಹಿಡಿಯಿತು. ಮೊದಲು ಒಂದು ಪುಟ ಬಂತು. ಅದರಲ್ಲಿ ನಗರಸಭೆ ಇತ್ತು, ಹೊಡೆದುಹಾಕಿದೆ. ಗುತ್ತಿಗೆದಾರನನ್ನು ಹೊಡೆದುಹಾಕಿದೆ, ಅವನಿಗೆ ಬೇರೆಯೇ ಪತ್ರ ಹೋಗುತ್ತದೆ, ಗವಸಿನ ಬಗ್ಗೆ. "ಅಚಾತುರ್ಯದಿಂದ" ಎಂಬುದನ್ನು ಹೊಡೆದುಹಾಕಿದೆ. ಕೊನೆಗೆ ಉಳಿದದ್ದು ನಾಲ್ಕು ಸಾಲು:

ಜೂನ್ ನಾಲ್ಕರಂದು ಗಾಡಿಯವರ ಕೈಗೆ ಚುಚ್ಚಿದ್ದು ನನ್ನ ಹೊಲಿಗೆ ಮೆಷಿನ್ನಿನ ಸೂಜಿ. ಅದು ನನ್ನ ಮನೆಯ ಚೀಲದಲ್ಲಿತ್ತು. ಇಂಜೆಕ್ಷನ್ ಸೂಜಿ ಎಂದು ನೋಡದೆ ಹೇಳಿದವಳು ನಾನು. ಮೂರನೇ ಮಹಡಿಯ ಮೇಷ್ಟ್ರದು ಏನೂ ತಪ್ಪಿಲ್ಲ.

ಮೂರು ಪ್ರತಿ ಮಾಡಿದೆ. ಒಂದು ಫಲಕಕ್ಕೆ, ಹಳೆಯ ಠರಾವು ಕಿತ್ತು ಅದೇ ಮೊಳೆಗೆ. ಒಂದು ಅತ್ತೆಗೆ ಓದಿ ಹೇಳಲು. ಇನ್ನೊಂದನ್ನು ತೆಗೆದುಕೊಂಡು ಮೂರನೇ ಮಹಡಿ ಹತ್ತಿದೆ.

ಮೇಷ್ಟ್ರು ಬಾಗಿಲಲ್ಲೇ ನಿಂತು ಓದಿದರು. ಬೈಯುತ್ತಾರೆ ಅಂದುಕೊಂಡೆ, ಬೈಯಲಿ ಅಂತಲೂ ಅಂದುಕೊಂಡೆ. "ಅಕ್ಷರ ತಪ್ಪಿಲ್ಲ" ಅಂದರು. ಕಾಗದ ಮಡಚಿಕೊಂಡು, "ನಿಮ್ಮ ಹಳೇ ಸೂಜಿಗಳನ್ನೂ ಕೊಡಿ. ನನ್ನ ಡಬ್ಬೀಲಿ ಜಾಗ ಇದೆ. ಚೂಪಾದ್ದು ಏನಿದ್ರೂ ಆಸ್ಪತ್ರೆಯವರು ತಗೋತಾರೆ, ಕೇಳಿದ್ದೀನಿ" ಅಂದರು. ಮೂರು ಕಿಟಕಿಗೆ ಅಲೆದವಳಿಗೆ ಮೂರನೇ ಮಹಡಿಗೆ ಹತ್ತಿದ್ದರೆ ಸಾಕಿತ್ತು. ಅದಕ್ಕೂ ಸಿಟ್ಟು ಬಂತು. ಯಾರ ಮೇಲೆ ಎಂದು ಬರೆಯುವುದಿಲ್ಲ.

ಜೂನ್ 20

ಇವತ್ತು ಚಿಂದಿಯ ಚೀಲ ನಾನೇ ಇಳಿಸಿದೆ. ಬಾಯಿ ಬಿಗಿಯಾಗಿ ಕಟ್ಟಿದ್ದೆ. ನನ್ನ ಹಿಂದೆ ಮೇಷ್ಟ್ರು ಅಭ್ಯಾಸಬಲದಿಂದ ತಮ್ಮ ಚೀಲ ಬಿಚ್ಚಿಕೊಂಡು ನಿಂತಿದ್ದರು.

ಆಕೆಯ ಕೈಯಲ್ಲಿ ಇನ್ನೂ ಗವಸಿರಲಿಲ್ಲ. ಮಗು ಹೇಗಿದೆ ಅಂದೆ. ಆಕೆ ಮೇಷ್ಟ್ರ ಕಡೆ ತಿರುಗಿ, "ನಿಮ್ದು ಬೇಡ ಸರ್, ಹಾಗೇ ಹಾಕಿ" ಅಂದಳು.

ನಾನು ಚೀಲ ಮುಂದೆ ಮಾಡಿದೆ. ಮುಟ್ಟಲಿಲ್ಲ. ಗಂಟಿನ ಕಡೆ ನೋಡಿದಳು.

"ಬಿಚ್ಚಿ ತೋರಿಸಿ ಅಮ್ಮ."

ಒಂದನೇ ಮಹಡಿಯವರು ಬಾಗಿಲಲ್ಲಿದ್ದರು. ಅಧ್ಯಕ್ಷರು ಹಾಲಿನ ಪಾತ್ರೆ ಹಿಡಿದು ಮೆಟ್ಟಿಲ ಮೇಲೆ ನಿಂತಿದ್ದರು. ನಾನು ನೆಲದ ಮೇಲೆ ಕೂತು ಗಂಟು ಬಿಚ್ಚಿದೆ. ಹಸಿರು ಚೂರು, ಹತ್ತಿ, ದಾರದ ತುಣುಕು, ಪರೀಕ್ಷೆಯ ತುಂಡು. ಒಂದೊಂದನ್ನೇ ಎತ್ತಿ, ಎರಡೂ ಕಡೆ ಹಿಂಡಿ ತೋರಿಸಿದೆ. ಆಕೆ ಅವಸರ ಮಾಡಲಿಲ್ಲ. ತಳ ಕಂಡ ಮೇಲೂ ಚೀಲವನ್ನು ಒಮ್ಮೆ ಬೋರಲು ಹಾಕಿ ಒದರಿ ಅಂದಳು. ಒದರಿದೆ.